ಲೋಟದಲ್ಲಿ ನೇರಳೆ

ಮುಂಗಾರಿನ ಮೊದಲ ಮಳೆಗಳೊಡನೆ ಪೇಟೆಯ ತಳ್ಳುಗಾಡಿಗಳಲ್ಲಿ ನೇರಳೆಯ ರಾಶಿ ಕಾಣಿಸಿಕೊಳ್ಳುತ್ತದೆ. ಪುರಾಣಗಳ ಜಂಬೂದ್ವೀಪಕ್ಕೆ ಹೆಸರಿತ್ತ ಮರದ ಹಣ್ಣಿದು! ಆದರೆ ಹಲ್ಲುಗಳನ್ನು ಕಳೆದುಕೊಂಡ ನನ್ನ ತಾಯಿಯವರಿಗೆ, ಬೀಜವೆಲ್ಲಿ ಗಂಟಲಿಗೆ ಜಾರೀತೋ ಎಂಬ ಭಯ. ಎರಡು ವರ್ಷ ಹಣ್ಣನ್ನು ಮೂಸಿ ನೋಡಿ ಕೆಳಗಿಟ್ಟುಬಿಟ್ಟರು.

ಈ ಸಲ ಉಪಾಯವೊಂದನ್ನು ಹೂಡಿದೆ. ಆತುರದಲ್ಲಿ ಹಣ್ಣನ್ನು ಬೀಜಸಮೇತ ಮಿಕ್ಸಿಗೆ ಹಾಕಿ, ಮನೆಮಂದಿಗೆಲ್ಲ ಕಹಿ ಕಷಾಯ ಕುಡಿಸಿದ ಕೀರ್ತಿ ಮೊದಲ ದಿನ ನನ್ನದಾಯಿತು. (ಕನ್ನಡ ಎಂ.ಎ. ಪದವಿ ಅಡುಗೆಮನೆಯಲ್ಲಿ ನೆರವಿಗೆ ಬಾರದು.) ಮರುದಿನ ನನ್ನಾಕೆ ದಾರಿ ತೋರಿದಳು. ಚೆನ್ನಾಗಿ ಕಳಿತ 20 ಹಣ್ಣುಗಳನ್ನು ತೊಳೆದು, ಚಿಟಿಕೆ ಉಪ್ಪು ಬೆರೆಸಿ, ಕೈಯಿಂದಲೇ ಹಿಸುಕಿ ಬೀಜ ತೆಗೆಯಬೇಕು. ತಿರುಳಿಗೆ 1 ಲೋಟ ಗಟ್ಟಿ ಮೊಸರು, 2 ಚಮಚ ಬೆಲ್ಲದ ಪುಡಿ, ಒಂದು ಏಲಕ್ಕಿ ಸೇರಿಸಿ ಅರೆ ನಿಮಿಷ ತಿರುಗಿಸಿದರೆ ಸಾಕು. ಮೊಸರು ಹುಳಿಯಾಗಿರಬಾರದು; ಹಣ್ಣಿನ ಒಗರನ್ನು ತಗ್ಗಿಸುವುದು ಅದೇ. ಹಾಲು ಹಾಕಿದರೆ ಒಡೆದೀತು.

ತಾಯಿಯವರು ಲೋಟವನ್ನು ಬರಿದುಮಾಡಿ, ಕನ್ನಡಿ ತರಿಸಿ, ನಾಲಗೆ ಚಾಚಿ ನೋಡಿಕೊಂಡರು.

“ಬಣ್ಣ ಸಾಲದು ಕಣೋ. ನಾಳೆ ಇನ್ನಷ್ಟು ಹಣ್ಣು ಹಾಕು” ಎಂದರು.