ಪುಟ್ಟ ವಿಮಾನದಲ್ಲಿ ಎಷ್ಟು ಸ್ಕೈಡೈವರ್‌ಗಳು ಹಿಡಿಸ್ತಾರೆ? ಆ ಲೆಕ್ಕ ಹಾಕೋದು ಯಾರು?

ಸ್ಕೈಡೈವಿಂಗ್ ರೀಲ್ಸ್ ನೋಡಿದವರಿಗೆಲ್ಲ ಈ ದೃಶ್ಯ ಗೊತ್ತು. ನಮ್ಮ ಸಣ್ಣ ಕಾರುಗಳ ಒಳಗಿನಷ್ಟೂ ಅಗಲವಿಲ್ಲದ ವಿಮಾನ. ಪೈಲಟ್‌ಗೆ ಬಿಟ್ಟು ಬೇರೆ ಯಾರಿಗೂ ಸೀಟಿಲ್ಲ. ಒಬ್ಬರ ಕಾಲುಗಳ ನಡುವೆ ಇನ್ನೊಬ್ಬರು, ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು, ಮಂಡಿ ಮಡಚಿ ನೆಲದ ಮೇಲೆ ಕೂತಿರ್ತಾರೆ. ಸಂತೆ ದಿನದ ಟೆಂಪೋ ನೆನಪಾಗುತ್ತೆ. ಹಾಗಾದರೆ ಇನ್ನೂ ಒಬ್ಬರನ್ನ ತುರುಕಬಹುದಲ್ವಾ ಅನ್ನೋ ಪ್ರಶ್ನೆಯೂ ತಾನಾಗಿ ಬರುತ್ತೆ.

ನೇರ ಉತ್ತರ ಮೊದಲು ಕೊಟ್ಟುಬಿಡ್ತೀನಿ. ಅಮೆರಿಕದ ಸಣ್ಣ ಡ್ರಾಪ್‌ಝೋನ್‌ಗಳಲ್ಲಿ, ಅಂದರೆ ಧುಮುಕುವ ಮೈದಾನಗಳಲ್ಲಿ, ಅತಿ ಹೆಚ್ಚು ಕಾಣಸಿಗೋ ಸೆಸ್ನಾ 182ರಲ್ಲಿ ಪೈಲಟ್ ಬಿಟ್ಟು ನಾಲ್ಕು ಜನ. ಅದರ ದೊಡ್ಡಣ್ಣ ಸೆಸ್ನಾ 206ರಲ್ಲಿ ಐದಾರು ಜನ. ಟರ್ಬೈನ್ ಎಂಜಿನ್ನಿನ ಸೆಸ್ನಾ ಕ್ಯಾರವಾನ್‌ನಲ್ಲಿ ಮಾದರಿಗೆ ತಕ್ಕ ಹಾಗೆ ಹದಿನಾಲ್ಕು–ಹದಿನೈದು ಅಥವಾ ಇನ್ನೂ ಕೊಂಚ ಹೆಚ್ಚು. ಎರಡು ಎಂಜಿನ್ನಿನ ಟ್ವಿನ್ ಆಟರ್‌ನಲ್ಲಿ ಇಪ್ಪತ್ತರ ಮೇಲೆ.

ಆದರೆ ಈ ಸಂಖ್ಯೆಗಳನ್ನ ಬಸ್ಸಿನ ಒಳಗೆ ಬರೆದಿರೋ ಆಸನ ಸಂಖ್ಯೆ ಥರ ಓದೋ ಹಾಗಿಲ್ಲ. ಎಂಜಿನಿಯರಿಂಗ್ ತರಗತಿಯಲ್ಲಿ ಕಲಿಸೋ ಒಂದು ಸರಳ ಪಾಠ ಇಲ್ಲಿ ಬೇಕಾಗುತ್ತೆ: ಒಂದು ವ್ಯವಸ್ಥೆಗೆ ಹಲವು ಮಿತಿಗಳಿದ್ದರೆ ಅವುಗಳಲ್ಲಿ ಅತಿ ಚಿಕ್ಕದ್ದೇ ಅದರ ನಿಜವಾದ ಮಿತಿ. ಇಲ್ಲಿ ಮೂರು ಮಿತಿಗಳಿವೆ: ಜಾಗ, ತೂಕ, ಸಮತೋಲನ. ಕಣ್ಣಿಗೆ ಕಾಣೋದು ಜಾಗ ಮಾತ್ರ. ಪ್ರಾಣ ತೆಗೆಯೋದು ಉಳಿದ ಎರಡು.

ತೂಕ: ತಲೆ ಎಣಿಸಿದರೆ ಸಾಲದು

ಸೆಸ್ನಾ 182 ಮೂಲತಃ ನಾಲ್ಕು ಸೀಟಿನ ವಿಮಾನ. ಸ್ಕೈಡೈವಿಂಗ್‌ಗೆ ಬಳಸುವಾಗ ಪೈಲಟ್ ಸೀಟೊಂದನ್ನ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ತೆಗೀತಾರೆ. ಇದು ಕಳ್ಳದಾರಿಯೇನಲ್ಲ. ಪ್ಯಾರಾಚೂಟ್ ಕ್ರೀಡೆಗೆ ಹೋಗೋರು ವಿಮಾನದ ನೆಲವನ್ನೇ ಸೀಟಾಗಿ ಬಳಸಬಹುದು ಅಂತ ಅಮೆರಿಕದ ವಿಮಾನಯಾನ ನಿಯಮದಲ್ಲೇ ಇದೆ. ಸೀಟು ಹೋದರೆ ತೂಕ ಇಳಿಯುತ್ತೆ, ಜಾಗ ಹೆಚ್ಚುತ್ತೆ.

ಈಗ ಒಂದು ಲೆಕ್ಕ ಮಾಡೋಣ. 182ರ ಹಲವು ಮಾದರಿಗಳಲ್ಲಿ ಟೇಕಾಫ್‌ಗೆ ಅನುಮತಿಸಿರೋ ಗರಿಷ್ಠ ತೂಕ 2,950 ಪೌಂಡ್, ಅಂದರೆ ಸುಮಾರು 1,338 ಕೆಜಿ. ಸೀಟು ತೆಗೆದ ಖಾಲಿ ವಿಮಾನ 780 ಕೆಜಿ ಅಂತ ಇಟ್ಟುಕೊಳ್ಳೋಣ. ಉಳಿಯೋದು 558 ಕೆಜಿ. ಪೈಲಟ್‌ಗೆ 80 ಕೆಜಿ ಕಳೆಯಿರಿ. 100 ಲೀಟರ್ ಇಂಧನ ತುಂಬಿಸಿದರೆ ಅದು 72 ಕೆಜಿ, ಅದನ್ನೂ ಕಳೆಯಿರಿ. ಧುಮುಕೋರಿಗೆ ಉಳಿದದ್ದು 406 ಕೆಜಿ.

ಅನುಭವಿ ಸ್ಕೈಡೈವರ್ ಒಬ್ಬರು 78 ಕೆಜಿ, ಅವರ ಪ್ಯಾರಾಚೂಟ್ ಚೀಲ 12 ಕೆಜಿ, ಒಟ್ಟು 90. ನಾಲ್ಕು ಜನಕ್ಕೆ 360. ಇನ್ನೂ 46 ಕೆಜಿ ಉಳೀತು. ಐದನೆಯವರಿಗೆ ಅದು ಸಾಲಲ್ಲ.

ಈಗ ಟ್ಯಾಂಡೆಮ್ ತಗೊಳ್ಳಿ. ಮೊದಲ ಸಲ ಧುಮುಕೋರನ್ನ ತರಬೇತುದಾರರು ತಮ್ಮ ಎದೆಗೆ ಬಿಗಿದುಕೊಂಡು ಹಾರುವ ಪದ್ಧತಿ ಇದು. ಇಬ್ಬರನ್ನೂ ಹೊರಬೇಕಾದ ಪ್ಯಾರಾಚೂಟ್ ಚೀಲ ದೊಡ್ಡದು, ಸುಮಾರು 25 ಕೆಜಿ ಅನ್ನಿ. ತರಬೇತುದಾರರು 80, ಪ್ರಯಾಣಿಕರು 75 ಆದರೆ ಒಂದು ಜೋಡಿಗೆ 180, ಎರಡು ಜೋಡಿಗೆ 360 ಕೆಜಿ. ಪರವಾಗಿಲ್ಲ. ಆದರೆ ಅದೇ ಎರಡು ಜೋಡಿಯಲ್ಲಿ ತರಬೇತುದಾರರು 90, ಪ್ರಯಾಣಿಕರು 100 ಕೆಜಿ ಇದ್ದರೆ? ಜೋಡಿಗೆ 215, ಒಟ್ಟು 430 ಕೆಜಿ. ಮಿತಿ ದಾಟಿ 24 ಕೆಜಿ ಆಯ್ತು. ತಲೆ ಎಣಿಸಿದರೆ ಆಗಲೂ ನಾಲ್ಕು, ಈಗಲೂ ನಾಲ್ಕೇ.

ಆಗ ಏನು ಮಾಡಬಹುದು? ಸುಮಾರು 33 ಲೀಟರ್ ಇಂಧನ ಕಡಿಮೆ ಮಾಡಿದರೆ ತೂಕ ಸರಿಹೋಗುತ್ತೆ. ಹಾರಾಟಕ್ಕೆ ಬೇಕಾದಷ್ಟು ಮತ್ತು ಹಗಲಲ್ಲಿ ಅರ್ಧ ಗಂಟೆಯ ಮೀಸಲು ಟ್ಯಾಂಕಿನಲ್ಲಿ ಉಳಿದರೆ ಅದು ಕಾನೂನುಬದ್ಧ. ಹಲವು ಕಡೆ ಹೀಗೇ ಮಾಡ್ತಾರೆ, ಪ್ರತಿ ಒಂದೆರಡು ಹಾರಾಟಕ್ಕೊಮ್ಮೆ ಇಂಧನ ಹಾಕ್ತಾರೆ. ತಪ್ಪಿಲ್ಲ. ಆದರೆ ಯಾರೋ ಒಬ್ಬರು ಕೂತು ಈ ಲೆಕ್ಕ ಮಾಡಿರಬೇಕು, ಅದೂ ಪ್ರತಿ ಸಲ, ತಕ್ಕಡಿ ಮೇಲೆ ನಿಲ್ಲಿಸಿದ ನಿಜವಾದ ತೂಕ ಹಿಡಿದು.

ಬಿಸಿಲು ಮತ್ತು ಎತ್ತರ ಈ ಲೆಕ್ಕವನ್ನ ಇನ್ನಷ್ಟು ಬಿಗಿ ಮಾಡುತ್ತೆ. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಎತ್ತುವ ಬಲ, ಎಂಜಿನ್ನಿಗೆ ಶಕ್ತಿ ಎರಡೂ ಕಮ್ಮಿ. ಟರ್ಬೊ ಇಲ್ಲದ ಸಾಮಾನ್ಯ ಪಿಸ್ಟನ್ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತೆ. ಸ್ಕೈಡೈವಿಂಗ್ ಶಿಬಿರಗಳು ನಡೆದಿರೋ ನಮ್ಮ ಮೈಸೂರಿನ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,400 ಅಡಿ ಮೇಲಿದೆ. ಅಂದರೆ ರನ್‌ವೇ ಮೇಲೆ ನಿಂತಾಗಲೇ ಶೇ. 7ರಷ್ಟು ಶಕ್ತಿ ಹೋಗಿರುತ್ತೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇನ್ನೊಂದಿಷ್ಟು. ಕಾಗದದ ಮೇಲಿನ ಗರಿಷ್ಠ ತೂಕ ಅದೇ ಇರುತ್ತೆ, ವಿಮಾನ ಮಾತ್ರ ಹೆಚ್ಚು ದೂರ ಓಡಿ, ನಿಧಾನಕ್ಕೆ ಏರುತ್ತೆ.

ಸಮತೋಲನ: ಎಲ್ಲಿ ಕೂತಿದ್ದಾರೆ ಅನ್ನೋದೂ ಮುಖ್ಯ

ತೂಕ ಮಿತಿಯೊಳಗಿದ್ದರೂ ವಿಮಾನ ಬೀಳಬಹುದು. ವಿಮಾನದ ಒಟ್ಟು ತೂಕ ಒಂದೇ ಬಿಂದುವಿನಲ್ಲಿದೆ ಅಂತ ಭಾವಿಸಿದರೆ ಆ ಬಿಂದುವೇ ಗುರುತ್ವ ಕೇಂದ್ರ. ಅದು ಮುಂದಿನ ಒಂದು ಗೆರೆ ಮತ್ತು ಹಿಂದಿನ ಒಂದು ಗೆರೆಯ ನಡುವೆಯೇ ಇರಬೇಕು. ಸಣ್ಣ ವಿಮಾನಗಳಲ್ಲಿ ಆ ಎರಡು ಗೆರೆಗಳ ನಡುವಿನ ಅಂತರ ಒಂದಡಿಯ ಆಸುಪಾಸು, ಅಷ್ಟೇ.

ಲೆಕ್ಕ ಏತದ ಮರದ ಆಟದ್ದೇ. ಒಟ್ಟು 1,800 ಕೆಜಿ ತೂಗುವ ವಿಮಾನದಲ್ಲಿ 90 ಕೆಜಿಯ ಒಬ್ಬ ವ್ಯಕ್ತಿ ಎರಡು ಮೀಟರ್ ಹಿಂದಕ್ಕೆ ಸರಿದರೆ ಗುರುತ್ವ ಕೇಂದ್ರ 10 ಸೆಂಟಿಮೀಟರ್ ಹಿಂದೆ ಹೋಗುತ್ತೆ. ಮೂವರು ಸರಿದರೆ 30 ಸೆಂಟಿಮೀಟರ್. ಇದ್ದ ಒಂದಡಿ ಅಲ್ಲಿಗೆ ಮುಗೀತು.

ಹಿಂಭಾಗ ಭಾರವಾದರೆ ಮೂತಿ ಮೇಲೇಳುತ್ತೆ. ಮೂತಿ ಮೇಲೆದ್ದರೆ ವೇಗ ಇಳಿಯುತ್ತೆ. ಒಂದು ಹಂತ ದಾಟಿದ ಮೇಲೆ ರೆಕ್ಕೆ ಮೇಲಿನ ಗಾಳಿಯ ಹರಿವು ಹರಿದುಹೋಗಿ ವಿಮಾನ ಎತ್ತುವ ಬಲವನ್ನೇ ಕಳೆದುಕೊಳ್ಳುತ್ತೆ. ಇದಕ್ಕೆ ಸ್ಟಾಲ್ ಅಂತಾರೆ. ಸಮತೋಲನ ಸರಿ ಇದ್ದರೆ ಮೂತಿ ಕೆಳಗೆ ಮಾಡಿ ಚೇತರಿಸಿಕೊಳ್ಳಬಹುದು. ಹಿಂಭಾಗ ಮಿತಿಮೀರಿ ಭಾರವಿದ್ದರೆ ಮೂತಿ ಕೆಳಗಿಳಿಸೋದೇ ಕಷ್ಟ.

ಸೆಸ್ನಾ 182ರಲ್ಲಿ ಬಾಗಿಲು ಮುಂದೆ, ಬಲಗಡೆ ಇದೆ. ಚಕ್ರದ ಮೇಲಿನ ಮೆಟ್ಟಿಲಿಗೆ ಕಾಲಿಟ್ಟು, ರೆಕ್ಕೆಯ ಆಸರೆ ಕಂಬ ಹಿಡಿದು ಧುಮುಕ್ತಾರೆ. ಹಾಗಾಗಿ ಹಿಂದಕ್ಕೆ ಸರಿಯೋ ಪ್ರಮೇಯ ಕಮ್ಮಿ. ಸ್ವಲ್ಪ ದೊಡ್ಡ ವಿಮಾನಗಳಲ್ಲಿ ಬಾಗಿಲು ಸಾಮಾನ್ಯವಾಗಿ ಹಿಂಭಾಗದಲ್ಲಿರುತ್ತೆ. ಆಕಾಶದಲ್ಲಿ ಒಟ್ಟಿಗೆ ಕೈಹಿಡಿದು ಆಕೃತಿ ಮಾಡೋ ತಂಡ ಒಟ್ಟಿಗೇ ಧುಮುಕಬೇಕು, ಹಾಗಾಗಿ ಬಾಗಿಲ ಬಳಿ ಗುಂಪುಗೂಡುತ್ತೆ. ಅವರಿಗೆ ಅನುಕೂಲವಾಗಲಿ ಅಂತ ಪೈಲಟ್ ಅದೇ ಹೊತ್ತಿಗೆ ವೇಗ ಇಳಿಸಿರ್ತಾರೆ. ವೇಗ ಅತಿ ಕಡಿಮೆ ಇರೋ ಕ್ಷಣ, ಹಿಂಭಾಗ ಅತಿ ಭಾರವಾಗಿರೋ ಕ್ಷಣ ಎರಡೂ ಒಂದೇ. ಬೇರೆ ವಿಮಾನಗಳಲ್ಲಿ ಸಾಮಾನು ಕಟ್ಟಿಹಾಕಿದ ಜಾಗದಲ್ಲೇ ಇರುತ್ತೆ. ಇಲ್ಲಿ ಸಾಮಾನೇ ಎದ್ದು ಓಡಾಡುತ್ತೆ.

2019ರ ಎರಡು ದುರಂತ

2019ರ ಜುಲೈ 14ರಂದು ಸ್ವೀಡನ್ನಿನ ಉಮಿಯೊ ಬಳಿ ಗಿಪ್ಸ್‌ಏರೋ ಏರ್‌ವ್ಯಾನ್ ವಿಮಾನ ಬಿತ್ತು. ಎಂಟು ಸ್ಕೈಡೈವರ್‌ಗಳು, ಒಬ್ಬ ಪೈಲಟ್, ಒಂಬತ್ತೂ ಜನ ಸತ್ತರು. ಜಿಗಿಯೋ ಎತ್ತರದ ಹತ್ತಿರ ಬಂದಿದ್ದಾಗಲೇ ನಿಯಂತ್ರಣ ತಪ್ಪಿತ್ತು. ಕಡಿಮೆ ವೇಗ, ಹಿಂಭಾಗ ಭಾರವಾಗಿ ಅಸ್ಥಿರವಾಗಿದ್ದ ವಿಮಾನ, ಮೋಡ, ಇಂಥ ಸನ್ನಿವೇಶಕ್ಕೆ ಸಾಲದ ಪೈಲಟ್ ಅನುಭವ, ಇವೆಲ್ಲ ಸೇರಿ ಹೀಗಾಗಿರಬಹುದು ಅಂತ ಅಲ್ಲಿನ ಅಪಘಾತ ತನಿಖಾ ಪ್ರಾಧಿಕಾರ ಹೇಳಿತು.

ಅದಕ್ಕೆ ಮೂರು ವಾರ ಮೊದಲು, ಜೂನ್ 21ರಂದು, ಹವಾಯಿಯ ಓವಾಹು ದ್ವೀಪದ ಡಿಲ್ಲಿಂಗ್‌ಹ್ಯಾಮ್ ಏರ್‌ಫೀಲ್ಡ್‌ನಿಂದ ಹೊರಟ ಬೀಚ್‌ಕ್ರಾಫ್ಟ್ ಕಿಂಗ್ ಏರ್ ಟೇಕಾಫ್ ಆದ ಕೂಡಲೇ ಬಿದ್ದು, ಒಳಗಿದ್ದ 11 ಜನರೂ ಸತ್ತಿದ್ದರು. ಪೈಲಟ್ ಟೇಕಾಫ್‌ನಲ್ಲೇ ಮಾಡಿದ ಆಕ್ರಮಣಕಾರಿ ತಿರುವು ಸ್ಟಾಲ್‌ಗೆ ಕಾರಣ ಅಂತ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಎನ್‌ಟಿಎಸ್‌ಬಿ, ತೀರ್ಮಾನಿಸಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಗುರುತ್ವ ಕೇಂದ್ರ ಹಿಂದಿನ ಗೆರೆಯ ಹತ್ತಿರವಿತ್ತು, ಅಂಥ ಸ್ಥಿತಿಯಲ್ಲಿ ವಿಮಾನ ಹೇಗೆ ವರ್ತಿಸುತ್ತೆ ಅನ್ನೋ ತರಬೇತಿ ಪೈಲಟ್‌ಗಿರಲಿಲ್ಲ ಅಂತಲೂ ಹೇಳಿತು. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ವಿಮಾನ ಧುಮುಕಿಸೋ ಹೊತ್ತಿಗೆ ಸ್ಟಾಲ್ ಆಗಿ, ಬಾಲದ ಒಂದು ಭಾಗವನ್ನೇ ಕಳೆದುಕೊಂಡಿತ್ತು. ಆಗ 14 ಸ್ಕೈಡೈವರ್‌ಗಳು ಜಿಗಿದು ಪಾರಾಗಿದ್ದರು, ಪೈಲಟ್ ಹೇಗೋ ಇಳಿಸಿದ್ದರು. ಅದರ ಎಡ ರೆಕ್ಕೆ ತಿರುಚಿಕೊಂಡಿದ್ದನ್ನ ಸರಿಪಡಿಸದೆಯೇ ವಿಮಾನ ಮತ್ತೆ ಹಾರಾಟಕ್ಕೆ ಬಂದಿತ್ತು.

ಮಂಡಳಿ ಬೊಟ್ಟು ಮಾಡಿದ ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ ಅನಿಸುತ್ತೆ: ಪ್ಯಾರಾಚೂಟ್ ಹಾರಾಟಗಳ ಮೇಲೆ ನಿಗಾ ಇಡೋಕೆ ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಮಾಡಿಕೊಂಡಿರೋ ನಿಯಮಗಳ ಚೌಕಟ್ಟೇ ಸಾಲದು.

ಟಿಕೆಟ್ ಕೊಂಡರೂ ಪ್ರಯಾಣಿಕರಲ್ಲ

ಅಮೆರಿಕದಲ್ಲಿ ದುಡ್ಡು ತಗೊಂಡು ಜನರನ್ನ ಸಾಗಿಸಬೇಕಾದರೆ ಸಾಮಾನ್ಯವಾಗಿ ಏರ್‌ಲೈನ್ ಅಥವಾ ಚಾರ್ಟರ್ ಪ್ರಮಾಣಪತ್ರ ಬೇಕು. ಅದರ ಜೊತೆಗೇ ಪೈಲಟ್ ತರಬೇತಿ, ನಿರ್ವಹಣೆ, ತಪಾಸಣೆಯ ಬಿಗಿ ನಿಯಮಗಳು ಬರ್ತವೆ. ಆದರೆ ಹೊರಟ ನಿಲ್ದಾಣದಿಂದ 25 ಮೈಲಿ ತ್ರಿಜ್ಯದೊಳಗೆ, ಎಲ್ಲೂ ಇಳಿಯದೆ ನಡೆಯೋ ಪ್ಯಾರಾಚೂಟ್ ಹಾರಾಟಗಳಿಗೆ ಅದರಿಂದ ವಿನಾಯಿತಿ ಇದೆ. ಅವು ‘ಪಾರ್ಟ್ 91’ ಅನ್ನೋ ಸಾಮಾನ್ಯ ಹಾರಾಟ ನಿಯಮಗಳಡಿ ನಡೀಬಹುದು. ಭಾನುವಾರ ಸ್ವಂತ ವಿಮಾನದಲ್ಲಿ ಸುತ್ತಾಡಿ ಬರೋರೂ ಪಾಲಿಸೋದು ಅವೇ ನಿಯಮಗಳನ್ನ.

1980ರಿಂದ ಇಂಥ ಹಾರಾಟಗಳ 32 ಅಪಘಾತಗಳಲ್ಲಿ 172 ಜನ ಸತ್ತಿದ್ದಾರೆ ಅಂತ ಎನ್‌ಟಿಎಸ್‌ಬಿ 2008ರ ವಿಶೇಷ ವರದಿಯಲ್ಲೇ ಲೆಕ್ಕ ಕೊಟ್ಟು, ನಿಗಾ ಬಿಗಿ ಮಾಡಿ ಅಂದಿತ್ತು. ಹವಾಯಿ ದುರಂತದ ನಂತರ 2021ರಲ್ಲೂ ದುಡ್ಡು ಕೊಟ್ಟು ಹಾರೋರಿಗೆ ರಕ್ಷಣೆ ಸಾಲದು ಅಂತ ಮತ್ತೆ ಹೇಳಿತು. ಎನ್‌ಟಿಎಸ್‌ಬಿಗೆ ಶಿಫಾರಸು ಮಾಡೋ ಅಧಿಕಾರ ಇದೆ, ನಿಯಮ ಮಾಡೋ ಅಧಿಕಾರ ಇಲ್ಲ.

ವಿನಾಯಿತಿಯ ಪರವಾಗಿ ಒಂದು ವಾದ ಇದೆ. ಸ್ಕೈಡೈವರ್‌ಗಳು ಅಪಾಯ ಗೊತ್ತಿದ್ದೇ ಬರೋರು, ಕ್ಲಬ್‌ಗಳು ತಾವೇ ಶಿಸ್ತು ಪಾಲಿಸ್ತವೆ, ನಿಯಮ ಹೇರಿದರೆ ಸಣ್ಣ ಡ್ರಾಪ್‌ಝೋನ್‌ಗಳು ಮುಚ್ಚಿಹೋಗ್ತವೆ ಅಂತ. ಸಾವಿರ ಸಲ ಧುಮುಕಿದವರ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. ಅವರಿಗೆ ವಿಮಾನ ಗೊತ್ತು, ಪೈಲಟ್ ಗೊತ್ತು, ಸರಿ ಇಲ್ಲ ಅನಿಸಿದರೆ ಹತ್ತದೇ ಇರೋ ಧೈರ್ಯವೂ ಇರುತ್ತೆ. ಆದರೆ ಹುಟ್ಟುಹಬ್ಬದ ಉಡುಗೊರೆಯಾಗಿ ಟ್ಯಾಂಡೆಮ್ ಟಿಕೆಟ್ ಸಿಕ್ಕ ಇಪ್ಪತ್ತೆರಡರ ಹುಡುಗಿ? ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಯೋಚಿಸೋದು ಪ್ಯಾರಾಚೂಟ್ ಬಗ್ಗೆ. ವಿಮಾನದ ಗುರುತ್ವ ಕೇಂದ್ರದ ಅಪಾಯವನ್ನ ಅವಳು ಒಪ್ಪಿಕೊಂಡಳು ಅನ್ನೋದು ಕಾನೂನಿನ ಜಾಣತನ ಅಷ್ಟೇ.

‘ಆಗಲ್ಲ’ ಅನ್ನೋ ಶಕ್ತಿ ಯಾರಿಗಿದೆ?

ಜಾಗ, ತೂಕ, ಸಮತೋಲನ ಮೂರೂ ಸಂಖ್ಯೆಯನ್ನ ಕೆಳಗೆ ಎಳೆದರೆ, ಮೇಲಕ್ಕೆ ತಳ್ಳೋದು ದುಡ್ಡು. ವಿಮಾನ ಹತ್ತು ಸಾವಿರ ಅಡಿಗೆ ಏರೋ ಖರ್ಚು ಮೂರು ಜನ ಇದ್ದರೂ, ನಾಲ್ಕು ಜನ ಇದ್ದರೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಕೊನೆಗೆ ಹತ್ತಿದವರ ಟಿಕೆಟ್ ದುಡ್ಡು ಬಹುಪಾಲು ಲಾಭ.

ಹತ್ತಿಸಲ್ಲ ಅನ್ನೋ ಅಂತಿಮ ಅಧಿಕಾರ, ಜವಾಬ್ದಾರಿ ಎರಡೂ ಕಾನೂನಿನ ಪ್ರಕಾರ ಪೈಲಟ್‌ದು. ಆದರೆ ಸಣ್ಣ ಡ್ರಾಪ್‌ಝೋನ್‌ಗಳ ಪೈಲಟ್‌ಗಳಲ್ಲಿ ಹಲವರು ಏರ್‌ಲೈನ್ ಕೆಲಸಕ್ಕೆ ಬೇಕಾದ ಹಾರಾಟದ ಗಂಟೆ ಕೂಡಿಸಿಕೊಳ್ಳೋಕೆ ಬಂದ ಎಳೆಯರು. ಎಷ್ಟೋ ಕಡೆ ಸಂಬಳವೂ ಹಾರಾಟದ ಲೆಕ್ಕದಲ್ಲೇ. ವಾರಾಂತ್ಯದ ಸಾಲು ಕಾಯ್ತಿರುವಾಗ ಮಾಲೀಕರಿಗೆ ‘ಈ ಸಲ ಮೂರೇ ಜನ’ ಅನ್ನೋದು ಅವರಿಗೆ ಸುಲಭವಲ್ಲ. ಪ್ಲಾಟ್‌ಫಾರ್ಮ್ ಕಂಪನಿಗಳ ಡೆಲಿವರಿ ಹುಡುಗರನ್ನ ನೋಡಿದವರಿಗೆ ಈ ಕಥೆ ಹೊಸದಲ್ಲ. ನಿಯಮ ಮುರಿದರೆ ಹೊಣೆ ಕೆಲಸಗಾರರದ್ದು, ಮುರಿಯೋಕೆ ಒತ್ತಡ ಹಾಕೋ ವೇಳಾಪಟ್ಟಿ ಮಾತ್ರ ಯಾರದ್ದೂ ಅಲ್ಲ.

ಸುರಕ್ಷತಾ ನಿಯಮ ಅಂದರೆ ಲೈಸೆನ್ಸ್ ರಾಜ್ ಅನ್ನೋರಿಗೆ ನಾನು ಹೇಳೋದು ಇದನ್ನೇ. ತೂಕದ ಲೆಕ್ಕ ಬರೆದಿಡಬೇಕು, ಯಾವಾಗ ಬೇಕಾದರೂ ಬಂದು ಅದನ್ನ ನೋಡ್ತೀವಿ ಅಂತ ಸರ್ಕಾರ ಹೇಳಿದಾಗ ಆ ಎಳೆಯ ಪೈಲಟ್ ಕೈಗೆ ಒಂದು ಆಯುಧ ಸಿಗುತ್ತೆ. ‘ನನಗೆ ಭಯ’ ಅನ್ನೋ ಬದಲು ‘ನಿಯಮ ಬಿಡಲ್ಲ ಸರ್’ ಅನ್ನಬಹುದು.

ಭಾರತದಲ್ಲಿ ಈ ಕ್ರೀಡೆ ಇನ್ನೂ ಚಿಕ್ಕದು, ಆದರೆ ಬೆಳೀತಿದೆ. ನೀವು ಎಲ್ಲಾದರೂ ಟ್ಯಾಂಡೆಮ್‌ಗೆ ಹೋದರೆ ಪ್ಯಾರಾಚೂಟ್ ಜೊತೆಗೆ ವಿಮಾನದ ಬಗ್ಗೆಯೂ ಕೇಳಿ. ನನ್ನನ್ನ ತೂಕ ಮಾಡ್ತೀರಾ ಅಥವಾ ನಾನು ಹೇಳಿದ್ದನ್ನೇ ಬರ್ಕೋತೀರಾ? ಈ ಹಾರಾಟದ ತೂಕ–ಸಮತೋಲನದ ಹಾಳೆ ಎಲ್ಲಿದೆ? ನೆಲದ ಮೇಲೆ ಕೂತಾಗ ಬೆಲ್ಟ್ ಇದೆಯಾ? ಒಂದೇ ಸಲಕ್ಕೆ ಬಾಗಿಲ ಬಳಿ ಎಷ್ಟು ಜನ ಹೋಗಬಹುದು? ಉತ್ತರ ಕೊಡೋಕೆ ಅವರಿಗೆ ಎರಡು ನಿಮಿಷ ಸಾಕು. ತಡವರಿಸಿದರೆ, ಮುಂಗಡ ಕೊಟ್ಟ ದುಡ್ಡು ಹೋದರೂ ಚಿಂತೆಯಿಲ್ಲ, ಹತ್ತಬೇಡಿ.