ಮಾರ್ಮನ್ನರು ಕಾಫಿ ಏಕೆ ಕುಡಿಯುವುದಿಲ್ಲ?

ಅಮೆರಿಕದ ಯೂಟಾ ರಾಜ್ಯದಲ್ಲಿ ಕಟ್ಟುನಿಟ್ಟಿನ ಮಾರ್ಮನ್ ಕುಟುಂಬವೊಂದರ ಮನೆಗೆ ಹೋದವರಿಗೆ ಬಿಸಿ ಕೋಕೋ ಸಿಕ್ಕೀತು, ತಣ್ಣನೆಯ ಕೋಲಾ ಸಿಕ್ಕೀತು. ಕಾಫಿ, ಟೀ ಮಾತ್ರ ಸಿಗಲಾರವು. ಮದ್ಯ, ತಂಬಾಕುಗಳ ಮಾತಂತೂ ಇಲ್ಲವೇ ಇಲ್ಲ. ಮದ್ಯ ನಿಷಿದ್ಧವೆಂದರೆ ಯಾರಿಗೂ ಅಚ್ಚರಿಯಾಗದು. ಆದರೆ ಬಡಪಾಯಿ ಕಾಫಿ ಮಾಡಿದ ಪಾಪವಾದರೂ ಏನು?

ಉತ್ತರ ಹುಡುಕಲು 1833ಕ್ಕೆ ಹೋಗಬೇಕು. ಮೂರು ವರ್ಷ ಮೊದಲು, 1830ರ ಏಪ್ರಿಲ್ 6ರಂದು, ಜೋಸೆಫ್ ಸ್ಮಿತ್ ಎಂಬ ಇಪ್ಪತ್ತನಾಲ್ಕರ ಯುವಕ ನ್ಯೂಯಾರ್ಕ್ ರಾಜ್ಯದಲ್ಲಿ ಹೊಸ ಚರ್ಚೊಂದನ್ನು ಸ್ಥಾಪಿಸಿದ್ದ. ಅದೇ ವರ್ಷ ‘ಮಾರ್ಮನ್ ಗ್ರಂಥ’ವೂ ಅಚ್ಚಾಗಿತ್ತು. ಅನುಯಾಯಿಗಳಿಗೆ ಮಾರ್ಮನ್ನರೆಂಬ ಹೆಸರು ಬಂದದ್ದು ಅದರಿಂದಲೇ. (ಈ ಅಡ್ಡಹೆಸರು ಬೇಡ, ಚರ್ಚಿನ ಪೂರ್ಣ ಹೆಸರನ್ನೇ ಬಳಸಿ ಎಂದು 2018ರಲ್ಲಿ ಅದರ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು. ಹಳೆಯ ರೂಢಿ ಅಷ್ಟು ಬೇಗ ಹೋಗುವುದಿಲ್ಲ.) ಬೈಬಲ್ ಇವರಿಗೂ ಪವಿತ್ರವೇ. ಜತೆಗೆ, ದೇವರು ತನಗೆ ತಿಳಿಸಿದನೆಂದು ಸ್ಮಿತ್ ಹೇಳಿದ ವಾಣಿಗಳ ಸಂಗ್ರಹವೂ ಉಂಟು. ಅದರ 89ನೆಯ ಭಾಗವೇ ‘ವಿವೇಕದ ವಚನ’.

ಆ ವಚನದ ಹುಟ್ಟಿನ ಕತೆ ಸ್ವಾರಸ್ಯವಾಗಿದೆ. ಸ್ಮಿತ್‌ನ ಉತ್ತರಾಧಿಕಾರಿ ಬ್ರಿಗಮ್ ಯಂಗ್ 1868ರಲ್ಲಿ ಹೇಳಿದ ಪ್ರಕಾರ, ಓಹಾಯೊದ ಕರ್ಟ್‌ಲ್ಯಾಂಡಿನಲ್ಲಿ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ಪುರುಷರು ಧರ್ಮಪಾಠಕ್ಕೆ ಸೇರುತ್ತಿದ್ದರು. ಬಂದವರೇ ಪೈಪು ಹಚ್ಚುವರು, ತಂಬಾಕು ಅಗಿದು ನೆಲದ ಮೇಲೆಲ್ಲ ಉಗುಳುವರು. ಅದನ್ನು ತೊಳೆಯುವ ಕರ್ಮ ಸ್ಮಿತ್‌ನ ಹೆಂಡತಿ ಎಮ್ಮಾಳದು. ಆಕೆಯ ಗೊಣಗಾಟ ಗಂಡನ ಕಿವಿಗೆ ಬಿತ್ತು. ಆತ ದೇವರನ್ನು ಕೇಳಿದ. 1833ರ ಫೆಬ್ರವರಿ 27ರಂದು ಉತ್ತರ ಬಂತು. ಗಂಡಸರ ಉಗುಳು ಒರೆಸಿ ಬೇಸತ್ತ ಹೆಂಗಸಿಗೆ ದೇವರೇ ಸಹಾಯಕ್ಕೆ ಬಂದನೆನ್ನಬಹುದು!

ಆದರೆ ಆ ವಚನದಲ್ಲಿ ಕಾಫಿಯ ಹೆಸರಿಲ್ಲ. ‘ಬಿಸಿ ಪೇಯ’ ಎಂದಷ್ಟೇ ಇದೆ. ಅದು ಕಾಫಿ ಮತ್ತು ಟೀ ಎಂದು ಅರ್ಥ ಹೇಳಿದವರು ಆ ಕಾಲದ ಮುಖಂಡರು. ಇನ್ನೂ ಒಂದು ಮಾತು: ಇದು ಆಜ್ಞೆಯಲ್ಲ, ಹಿತವಚನ ಎಂದು ಅದರ ಆರಂಭದಲ್ಲೇ ಹೇಳಿದೆ. ಮೊದಲ ತಲೆಮಾರುಗಳವರು ಅದನ್ನು ಹಾಗೆಯೇ ತೆಗೆದುಕೊಂಡರು. ಎತ್ತಿನ ಗಾಡಿಗಳಲ್ಲಿ ಯೂಟಾಕ್ಕೆ ವಲಸೆ ಹೊರಟವರ ಸಾಮಾನುಗಳಲ್ಲಿ ಕಾಫಿಯೂ ಇತ್ತು. ಹಿತವಚನ ಕಟ್ಟಳೆಯಾದದ್ದು 1920ರ ದಶಕದಲ್ಲಿ, ಹೀಬರ್ ಗ್ರ್ಯಾಂಟ್ ಅಧ್ಯಕ್ಷರಾಗಿದ್ದಾಗ. ಇಡೀ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದ ಕಾಲವದು ಎಂಬುದನ್ನು ಗಮನಿಸಬೇಕು.

ಅದೇ ವಚನ ಮಾಂಸವನ್ನು ಮಿತವಾಗಿ, ಚಳಿಗಾಲದಲ್ಲೋ ಬರಗಾಲದಲ್ಲೋ ಮಾತ್ರ ತಿಂದರೆ ಒಳ್ಳೆಯದೆಂದೂ ಹೇಳುತ್ತದೆ. ಅದನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಬೇಸಿಗೆಯಲ್ಲಿ ದನದ ಮಾಂಸ ಸುಟ್ಟು ತಿಂದವನು ನಿಷ್ಠಾವಂತ, ಒಂದು ಲೋಟ ಕಾಫಿ ಕುಡಿದವನು ತಪ್ಪಿತಸ್ಥ. ಈ ಅಸಮಂಜಸತೆ ಮಾರ್ಮನ್ನರಿಗೆ ಕಾಣದ್ದೇನಲ್ಲ. ಕಾರಣ ಕೆಫೀನ್ ಇರಬೇಕೆಂದು ಬಹುಕಾಲ ಹಲವರು ಊಹಿಸಿದ್ದರು, ಕೋಲಾವನ್ನೂ ದೂರವಿಟ್ಟಿದ್ದರು. ನಿಷೇಧ ಕೆಫೀನಿಗಲ್ಲವೆಂದು 2012ರಲ್ಲಿ ಚರ್ಚೇ ಸ್ಪಷ್ಟಪಡಿಸಿತು. 2017ರಲ್ಲಿ ಚರ್ಚಿನದೇ ಆದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಆವರಣದಲ್ಲಿ ಕೆಫೀನ್ ಇರುವ ಪಾನೀಯಗಳ ಮಾರಾಟ ಶುರುವಾಯಿತು. 2019ರಲ್ಲಿ ಬಂದ ಮತ್ತೊಂದು ವಿವರಣೆ ತಣ್ಣನೆಯ ಕಾಫಿಯೂ ನಿಷಿದ್ಧವೆಂದಿತು. ಅಲ್ಲಿಗೆ ಬಿಸಿಯೂ ಕಾರಣವಲ್ಲ, ಕೆಫೀನೂ ಕಾರಣವಲ್ಲ! ಆರೋಗ್ಯಕ್ಕಾಗಿ ಎನ್ನುವವರಿದ್ದಾರೆ. ವಿಧೇಯತೆಯೇ ಮುಖ್ಯ, ಕಾರಣ ಕೇಳಬಾರದು ಎನ್ನುವವರೂ ಇದ್ದಾರೆ. ಏಕಾದಶಿಯ ಉಪವಾಸ, ಚಾತುರ್ಮಾಸ್ಯದ ಪಥ್ಯಗಳನ್ನು ಕಂಡಿರುವ ನಮಗೆ ಈ ವಾದ ಹೊಸತಲ್ಲ.

ಇಂಥ ಜಿಜ್ಞಾಸೆಗೆ ಇವರ ಭಾನುವಾರದ ಸಭೆ ಒಳ್ಳೆಯ ವೇದಿಕೆ. ಸ್ಥಳೀಯ ಚರ್ಚಿನಲ್ಲಿ ಸಂಬಳದ ಪಾದ್ರಿ ಇಲ್ಲ. ಬಿಷಪ್ ಆದವನು ವಾರವೆಲ್ಲ ತನ್ನ ನೌಕರಿ ಮಾಡಿಕೊಂಡಿರುವವನೇ. ಉಪನ್ಯಾಸ ಕೊಡುವವರು ಗೃಹಿಣಿಯರು, ಗುಮಾಸ್ತರು, ಹದಿಹರೆಯದ ಹುಡುಗರು. ಗ್ರಂಥದ ಮಾತನ್ನು ಸ್ವಂತ ಬದುಕಿಗೆ ಹಚ್ಚಿ ನೋಡುವುದೇ ಅವರ ಕ್ರಮ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಉಪವಾಸ; ಉಳಿದ ಊಟದ ಹಣ ಬಡವರಿಗೆ. ಅಂದು ಮನಸ್ಸಾದವರು ಎದ್ದು ಸಾಕ್ಷಿ ನುಡಿಯುತ್ತಾರೆ. ‘ನಂಬುತ್ತೇನೆ’ ಎನ್ನುವುದಕ್ಕಿಂತ ‘ಬಲ್ಲೆ’ ಎನ್ನುವುದೇ ವಾಡಿಕೆ. ನಂಬಿಕೆಯಿದ್ದೂ ‘ಬಲ್ಲೆ’ ಎನ್ನಲಾರದವನಿಗೆ ಆ ಸಭೆ ಇರುಸುಮುರುಸಿನದಾಗಬಹುದು.

ಕಾಫಿಯ ನಿಜವಾದ ಬೆಲೆ ತಿಳಿಯುವುದು ದೇವಾಲಯದ ಬಾಗಿಲಲ್ಲಿ. ಭಾನುವಾರದ ಸಭಾಮಂದಿರಕ್ಕೆ ಯಾರೂ ಹೋಗಬಹುದು. ದೇವಾಲಯ ಬೇರೆ, ಅಲ್ಲಿಗೆ ಪ್ರವೇಶಪತ್ರ ಬೇಕು. ಎರಡು ವರ್ಷಕ್ಕೊಮ್ಮೆ ಬಿಷಪ್ ಮತ್ತು ಮೇಲಧಿಕಾರಿಗಳ ಮುಂದೆ ಕುಳಿತು ಉತ್ತರಿಸಬೇಕು: ನಂಬಿಕೆ ಇದೆಯೇ, ಆದಾಯದ ಹತ್ತನೆಯ ಒಂದು ಭಾಗ ಕೊಡುತ್ತೀಯಾ, ‘ವಿವೇಕದ ವಚನ’ ಪಾಲಿಸುತ್ತೀಯಾ? ಶಾಶ್ವತ ದಾಂಪತ್ಯದ ವಿಧಿ ನಡೆಯುವುದು ದೇವಾಲಯದೊಳಗೆ. ಪತ್ರವಿಲ್ಲದ ತಾಯಿ ಮಗಳ ಮದುವೆಯ ಹೊತ್ತಿನಲ್ಲಿ ಹೊರಗೆ ಕಾಯಬೇಕು. ಎಲ್ಲರೂ ನೋಡಲೆಂದು ಮೊದಲು ಹೊರಗೆ ಮದುವೆಯಾದ ಅಮೆರಿಕದ ಜೋಡಿ ದೇವಾಲಯದ ವಿಧಿಗೆ ವರ್ಷ ಕಾಯಬೇಕಿತ್ತು. ಎಷ್ಟೋ ಮನೆಗಳಲ್ಲಿ ಕಣ್ಣೀರಿಗೆ ಕಾರಣವಾಗಿದ್ದ ಆ ನಿಯಮವನ್ನು 2019ರ ಮೇ ತಿಂಗಳಲ್ಲಿ ಕೈಬಿಡಲಾಯಿತು. ಪತ್ರದ ನಿಯಮ ಮಾತ್ರ ಉಳಿದಿದೆ.

ನಿಯಮಗಳು ಬದಲಾಗಬಲ್ಲವೆಂಬುದಕ್ಕೆ ಚರ್ಚಿನ ಇತಿಹಾಸವೇ ಸಾಕ್ಷಿ. ಬಹುಪತ್ನಿತ್ವವನ್ನು ಬಿಡುವ ಘೋಷಣೆ 1890ರಲ್ಲಿ ಬಂತು. ಕಪ್ಪು ಜನಾಂಗದ ಪುರುಷರಿಗೆ ಪೌರೋಹಿತ್ಯ ಸಿಕ್ಕಿದ್ದು 1978ರಷ್ಟು ತಡವಾಗಿ. ದೇವರು ಈಗಲೂ ಮಾತನಾಡುತ್ತಾನೆಂಬುದು ಇವರ ಮೂಲ ನಂಬಿಕೆ. ಹಾಗಾದರೆ ಇಂದಿನ ಕಟ್ಟಳೆಗಳಲ್ಲಿ ಶಾಶ್ವತವಾದುದು ಯಾವುದು, ನಾಳೆ ಹೋಗುವುದು ಯಾವುದು ಎಂದು ಕೇಳುವ ಶ್ರದ್ಧಾವಂತರೂ ಅವರಲ್ಲಿ ಇದ್ದಾರೆ.

ಈ ಚರ್ಚಿನ ಬೆಂಗಳೂರು ಮಿಷನ್ ಆರಂಭವಾದದ್ದು 1993ರಲ್ಲಿ. ಭಾರತದ ಮೊದಲ ಮಾರ್ಮನ್ ದೇವಾಲಯ ಬೆಂಗಳೂರಿನಲ್ಲೇ ಎಂದು 2018ರ ಏಪ್ರಿಲಿನಲ್ಲಿ ಘೋಷಣೆಯಾಗಿ, 2020ರ ಡಿಸೆಂಬರ್ 2ರಂದು ನಿರ್ಮಾಣಕ್ಕೆ ಭೂಮಿಪೂಜೆಯಂಥ ವಿಧಿ ನಡೆಯಿತು. ಇಲ್ಲಿನ ಸದಸ್ಯರಿಗೂ ಪ್ರಶ್ನೆಗಳು ಅವೇ. ಚಿಕ್ಕಮಗಳೂರಿನ ಬೀಜ, ಮನೆಯ ಫಿಲ್ಟರು ಎಂದು ರಿಯಾಯಿತಿ ಏನೂ ಇಲ್ಲ.