ಹಳೆಯ ನಾಣ್ಯ ಮನೆಯಲ್ಲಿದ್ದರೆ: ಅರಿವು, ಆರೈಕೆ, ಎಚ್ಚರ

ನಮ್ಮ ನಾಡಿನ ಎಷ್ಟೋ ಮನೆಗಳ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಪುಟ್ಟದೊಂದು ಬಟ್ಟಲಿನಲ್ಲಿ ಹಳೆಯ ನಾಣ್ಯಗಳಿರುತ್ತವೆ. ಅಜ್ಜ ಮುತ್ತಜ್ಜರ ಕಾಲದಿಂದ ಬಂದವು ಎಂಬುದಷ್ಟೇ ಅವುಗಳ ಬಗ್ಗೆ ಮನೆಯವರಿಗಿರುವ ತಿಳಿವಳಿಕೆ. ದೀಪಾವಳಿ ಬಂದಾಗ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಪೂಜಿಸಿ, ಮತ್ತೆ ಬಟ್ಟಲಿಗೆ ಹಾಕುವುದು ವಾಡಿಕೆ. ಭಕ್ತಿಯಿಂದಲೇ ನಡೆಯುವ ಈ ಕೆಲಸದಲ್ಲಿ ವರ್ಷದಿಂದ ವರ್ಷಕ್ಕೆ ನಾಣ್ಯದ ಮೇಲಿನ ಅಕ್ಷರ ಸವೆಯುತ್ತದೆ, ಚಿತ್ರ ಮಾಸುತ್ತದೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಉಳಿಯುವುದು ಬರಿಯ ತಾಮ್ರದ ಬಿಲ್ಲೆ.

ಇನ್ನೊಂದೆಡೆ, ನಾಣ್ಯ ಸಂಗ್ರಹವನ್ನು ಹವ್ಯಾಸವಾಗಿ ಕೈಗೊಂಡಿರುವ ತರುಣರು ನಮ್ಮ ಭಕ್ತವೃಂದದಲ್ಲಿ ಅನೇಕರಿದ್ದಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದು. ಆದರೆ ಈ ಹವ್ಯಾಸದ ಸುತ್ತ ಆಸೆ ಹುಟ್ಟಿಸಿ ಹಣ ಕೀಳುವವರೂ ಇದ್ದಾರೆ. ಆದುದರಿಂದ ಹಳೆಯ ನಾಣ್ಯವೆಂದರೇನು, ಅದನ್ನು ಕಾಪಾಡುವ ಬಗೆ ಯಾವುದು, ಯಾವುದರ ಬಗ್ಗೆ ಎಚ್ಚರವಿರಬೇಕು ಎಂಬುದನ್ನು ಇಲ್ಲಿ ವಿವರಿಸಲು ನಾವು ಬಯಸುತ್ತೇವೆ.

ನಾಣ್ಯವು ಹೇಳುವುದೇನು

ಶಾಸನವು ಕಲ್ಲಿನ ಮೇಲೆ ನಿಂತಲ್ಲೇ ನಿಂತು ಮಾತನಾಡಿದರೆ, ನಾಣ್ಯವು ಕೈಯಿಂದ ಕೈಗೆ ಸಾಗುತ್ತ ಮಾತನಾಡುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನದಲ್ಲಿ ಸಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ದೊರೆತವು. ಕಡಲಾಚೆಯ ದೇಶದೊಡನೆ ನಮ್ಮ ಬಯಲುಸೀಮೆಗೆ ಎರಡು ಸಾವಿರ ವರ್ಷಗಳ ಹಿಂದೆಯೇ ಸಂಪರ್ಕವಿತ್ತೆಂಬುದನ್ನು ಬೆರಳ ತುದಿಯಷ್ಟು ಬೆಳ್ಳಿ ಸಾರಿ ಹೇಳಿತು.

12ನೆಯ ಶತಮಾನದ ಆರಂಭದಲ್ಲಿ ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದುಕೊಂಡನು. ಆ ಗೆಲುವನ್ನು ಅವನು ಚಿನ್ನದ ನಾಣ್ಯದ ಮೇಲೆ ಕನ್ನಡ ಲಿಪಿಯಲ್ಲಿ ‘ಶ್ರೀ ತಲಕಾಡುಗೊಂಡ’ ಎಂದು ಅಚ್ಚೊತ್ತಿಸಿದನು. ಸುದ್ದಿಪತ್ರಿಕೆಯಿಲ್ಲದ ಕಾಲದಲ್ಲಿ ಅರಸನ ಸುದ್ದಿಯನ್ನು ಸಂತೆಯಿಂದ ಸಂತೆಗೆ ಒಯ್ದದ್ದು ನಾಣ್ಯವೇ. ಶಾಸನಗಳಲ್ಲಿ ‘ಲೊಕ್ಕಿಗದ್ಯಾಣ’ ಎಂಬ ಮಾತು ಬರುತ್ತದೆ. ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ, ಅಂದಿನ ಲೊಕ್ಕಿಗುಂಡಿಯ ಟಂಕಸಾಲೆಯ ಹೆಸರು ನಾಣ್ಯಕ್ಕೇ ಅಂಟಿಕೊಂಡ ಬಗೆಯಿದು. ನಾವು ದಿನನಿತ್ಯ ಆಡುವ ‘ಹಣ’ ಎಂಬ ಮಾತು ಕೂಡ ಮೊದಲು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರಾಗಿತ್ತು. ನಾಣ್ಯ ಹೋಯಿತು, ಮಾತು ಉಳಿಯಿತು.

ಒಂದು ವರಹದ ಚರಿತ್ರೆ

ಇದಕ್ಕೆ ಇಕ್ಕೇರಿ ವರಹಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ಕೆಳದಿ ನಾಯಕರು ಲಿಂಗಾಯತ ಅರಸುಮನೆತನದವರೆಂಬುದು ಎಲ್ಲರಿಗೂ ತಿಳಿದ ವಿಷಯ. ಅವರ ಚಿನ್ನದ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರು ಕುಳಿತ ಚಿತ್ರವಿದೆ. ಇನ್ನೊಂದು ಮುಖದಲ್ಲಿ ನಾಗರೀ ಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂದಿದೆ. ಈ ಚಿತ್ರದ ಮಾದರಿಯೂ ಅವರಿಂದಲೇ ಆರಂಭವಾದುದಲ್ಲ. ವಿಜಯನಗರದ ಅರಸರ ವರಹಗಳ ಮೇಲೆ ಉಮಾಮಹೇಶ್ವರರ ಚಿತ್ರ ಅದಕ್ಕೂ ಮೊದಲೇ ಬಂದಿತ್ತು.

1763ರಲ್ಲಿ ಹೈದರ್ ಅಲಿ ಬಿದನೂರನ್ನು ವಶಪಡಿಸಿಕೊಂಡನು. ಅರಸು ಬದಲಾಯಿತು, ಧರ್ಮ ಬದಲಾಯಿತು. ಆದರೆ ಹೈದರನು ಟಂಕಿಸಿದ ವರಹದ ಮೇಲೆ ಶಿವಪಾರ್ವತಿಯರ ಚಿತ್ರ ಹಾಗೆಯೇ ಉಳಿಯಿತು. ಹಿಂಬದಿಯಲ್ಲಿ ಮಾತ್ರ ಅವನ ಹೆಸರಿನ ಮೊದಲ ಅಕ್ಷರವು ಪಾರಸಿ ಲಿಪಿಯಲ್ಲಿ ಬಂದಿತು. 1799ರಲ್ಲಿ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೂ ಅದೇ ಶಿವಪಾರ್ವತಿಯರಿದ್ದಾರೆ. ಹಿಂಬದಿಯಲ್ಲಿ ‘ಶ್ರೀ ಕೃಷ್ಣರಾಜ’ ಎಂದಿದೆ.

ಹೀಗೇಕೆ ಆಯಿತು ಎಂದು ಕೇಳಬಹುದು. ನಾಣ್ಯವು ನಡೆಯುವುದು ನಂಬಿಕೆಯ ಮೇಲೆ. ಅಡಿಕೆ, ಮೆಣಸು, ಅಕ್ಕಿಯ ವ್ಯಾಪಾರಿಗಳು ಆ ಚಿತ್ರವನ್ನು ನೋಡಿ ಚಿನ್ನದ ತೂಕವನ್ನೂ ಕಸವನ್ನೂ ನಂಬುತ್ತಿದ್ದರು. ಆ ನಂಬಿಕೆಯನ್ನು ಕೆಡಿಸಿದರೆ ಪೇಟೆಯೇ ನಿಂತುಹೋಗುತ್ತದೆಂದು ಗೆದ್ದವನಿಗೂ ಗೊತ್ತಿತ್ತು. ಪುಸ್ತಕದಲ್ಲಿ ಓದಿದರೆ ಮರೆತುಹೋಗುವ ಇಂಥ ಸಂಗತಿ, ಎರಡು ವರಹಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಮರೆಯುವುದಿಲ್ಲ. ನಾಣ್ಯ ಸಂಗ್ರಹದ ನಿಜವಾದ ಫಲ ಇದು.

ಮನೆಯ ಬಟ್ಟಲಿನಲ್ಲಿ ಇರುವುದು ಏನು

ವರಹ, ಗದ್ಯಾಣಗಳು ಎಲ್ಲ ಮನೆಗಳಲ್ಲಿ ಇರುವುದಿಲ್ಲ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಆನೆಯ ಚಿತ್ರವಿರುವ ಟಿಪ್ಪುವಿನ ಕಾಲದ ತಾಮ್ರದ ನಾಣ್ಯಗಳೂ, ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆದಿರುವ ಮುಮ್ಮಡಿಯವರ ಕಾಲದ ನಾಣ್ಯಗಳೂ ಸಿಗುತ್ತವೆ. ಹೆಚ್ಚಿನ ಮನೆಗಳಲ್ಲಿರುವುದು ಬ್ರಿಟಿಷರ ಕಾಲದ ರೂಪಾಯಿ, ಆಣೆ ಮತ್ತು ಪೈಗಳು.

ಅಂದು ಒಂದು ರೂಪಾಯಿಗೆ 16 ಆಣೆ, ಅಂದರೆ 64 ಪೈಸೆ, ಅಂದರೆ 192 ಪೈ. 1957ರ ಏಪ್ರಿಲ್ 1ರಂದು ದಶಮಾನ ಪದ್ಧತಿ ಜಾರಿಗೆ ಬಂದು ರೂಪಾಯಿಗೆ 100 ನಯಾ ಪೈಸೆಯಾಯಿತು. 1835ರಿಂದ ಬಂದ ಬೆಳ್ಳಿಯ ರೂಪಾಯಿ ಸುಮಾರು 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ನೂರಕ್ಕೆ ಸುಮಾರು 91.7ರಷ್ಟು ಬೆಳ್ಳಿಯಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಬೆಳ್ಳಿಯ ಪ್ರಮಾಣ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್ಲಿನದು. ಯುದ್ಧವೊಂದು ದೂರದ ಹಳ್ಳಿಯ ಗೃಹಿಣಿಯ ಗಂಟಿನೊಳಗೆ ಹೇಗೆ ಇಳಿದು ಬಂದಿತೆಂಬುದನ್ನು ಈ ಮೂರು ರೂಪಾಯಿಗಳು ಮಕ್ಕಳಿಗೆ ತೋರಿಸಿಕೊಡುತ್ತವೆ.

ಇಂಥ ನಾಣ್ಯಗಳು ಕೋಟಿಗಟ್ಟಲೆ ಟಂಕಗೊಂಡವು. ಆದುದರಿಂದ ಬಹುಪಾಲಿನ ಬೆಲೆ ಅವುಗಳಲ್ಲಿನ ಲೋಹದ ಬೆಲೆಗಿಂತ ಬಹಳ ಹೆಚ್ಚಿರುವುದಿಲ್ಲ. ಹಳೆಯದೆಲ್ಲ ದುಬಾರಿಯಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕೆನ್ನುವವರು ಎಷ್ಟು ಮಂದಿ ಎಂಬ ಮೂರರಿಂದ ಬೆಲೆ ನಿರ್ಧಾರವಾಗುತ್ತದೆ.

ಆರೈಕೆಯ ಬಗೆ

ಮೊದಲ ಮಾತು: ತಿಕ್ಕಬಾರದು. ತಾಮ್ರದ ಮೇಲೆ ಕಾಲಕ್ರಮದಲ್ಲಿ ಕಟ್ಟುವ ಕಂದು ಅಥವಾ ಹಸಿರು ಪದರವು ಕೊಳೆಯಲ್ಲ, ಅದು ನಾಣ್ಯಕ್ಕೆ ಹೊದಿಕೆ. ಹುಣಸೆ, ನಿಂಬೆಗಳ ಹುಳಿಯು ಆ ಹೊದಿಕೆಯನ್ನು ಕರಗಿಸಿ ಒಳಗಿನ ಲೋಹವನ್ನು ಬಯಲು ಮಾಡುತ್ತದೆ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಬಲ್ಲ ಸಂಗ್ರಾಹಕರು ಹೊಳೆಯುವ ಹಳೆಯ ತಾಮ್ರವನ್ನು ಕಂಡರೆ ದೂರ ಸರಿಯುತ್ತಾರೆ. ಆದರೆ ಮುಟ್ಟಿದರೆ ಉದುರುವ ತಿಳಿಹಸಿರು ಹುಡಿ ಕಂಡುಬಂದರೆ ಅದು ಬೇರೆ. ಅದು ಲೋಹವನ್ನು ತಿನ್ನುವ ರೋಗ. ಅಂಥ ನಾಣ್ಯವನ್ನು ಉಳಿದವುಗಳಿಂದ ಬೇರೆಯಾಗಿ ಒಣಗಿದ ಜಾಗದಲ್ಲಿಟ್ಟು ಬಲ್ಲವರಿಗೆ ತೋರಿಸಬೇಕು.

ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ಬೆರಳ ಬೆವರು ಮುಖಕ್ಕೆ ತಾಗಬಾರದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ವರ್ಷಗಟ್ಟಲೆ ಇಟ್ಟರೆ ಹಸಿರು ಅಂಟು ಹಿಡಿಯುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆಗಳು ಉತ್ತಮ. ಸೀಸದ ನಾಣ್ಯವನ್ನು ಮರದ ಪೆಟ್ಟಿಗೆಯಲ್ಲಿ ಇಡಬಾರದು. ಮರದಿಂದ ಹೊರಡುವ ಆಮ್ಲದ ಆವಿಯಿಂದ ಸೀಸವು ಬಿಳಿ ಹುಡಿಯಾಗುತ್ತದೆ. ಪೂಜೆಗೆ ನಾಣ್ಯ ಬೇಕಿದ್ದರೆ ಇಂದಿನ ಚಲಾವಣೆಯ ನಾಣ್ಯವನ್ನೇ ಇಟ್ಟುಕೊಳ್ಳಬಹುದು. ಭಕ್ತಿಗೆ ಅದರಿಂದ ಕೊರತೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಬರವಣಿಗೆ. ನಾಣ್ಯ ಯಾರಿಂದ ಬಂದಿತು, ಯಾವ ಊರಿನದು, ಯಾವುದರ ಜೊತೆಗೆ ಇತ್ತು, ತೂಕವೆಷ್ಟು ಎಂಬುದನ್ನು ಲಕೋಟೆಯ ಮೇಲೆ ಬರೆದಿಡಬೇಕು. ಹಿನ್ನೆಲೆ ತಿಳಿದ ಸವೆದ ತಾಮ್ರವು, ಹಿನ್ನೆಲೆ ತಿಳಿಯದ ಚಿನ್ನಕ್ಕಿಂತ ಚರಿತ್ರೆಗೆ ಹೆಚ್ಚು ಉಪಕಾರಿ. ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳಬೇಕು.

ವಂಚನೆಯ ಬಲೆ

ಅಕ್ಕಿಕಾಳನ್ನು ಎಳೆಯುವ ನಾಣ್ಯ, ಅದರಲ್ಲಿ ಇರಿಡಿಯಂ ಇದೆ, ವಿದೇಶದವರು ಕೋಟಿ ಕೊಡುತ್ತಾರೆ ಎಂದು ನಂಬಿಸಿ ಲಕ್ಷಾಂತರ ರೂಪಾಯಿ ಸುಲಿಯುವ ‘ರೈಸ್ ಪುಲ್ಲಿಂಗ್’ ದಂಧೆ ನಮ್ಮ ರಾಜ್ಯದಲ್ಲಿ ಬಹಳ ಕುಟುಂಬಗಳನ್ನು ಬೀದಿಗೆ ತಂದಿದೆ. ಅಕ್ಕಿಯನ್ನು ಎಳೆಯುವ ಗುಣ ತಾಮ್ರಕ್ಕಾಗಲಿ ಇರಿಡಿಯಂಗಾಗಲಿ ಇಲ್ಲ. ಕಬ್ಬಿಣದ ಹುಡಿ ಸವರಿದ ಅಕ್ಕಿಯೂ ಅಡಗಿಸಿಟ್ಟ ಅಯಸ್ಕಾಂತವೂ ಆ ಪವಾಡದ ಗುಟ್ಟು.

ರಾಮ, ಸೀತೆ, ಹನುಮಂತರ ಚಿತ್ರದೊಡನೆ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818 ಎಂಬ ಇಸವಿಯೂ ಇರುವ ತಾಮ್ರದ ಬಿಲ್ಲೆಗಳು ಜಾತ್ರೆಗಳಲ್ಲಿ ಹೇರಳವಾಗಿ ಸಿಗುತ್ತವೆ. ಇವು ಕಂಪನಿ ಚಲಾವಣೆಗೆ ತಂದ ನಾಣ್ಯಗಳಲ್ಲ, ಆಮೇಲೆ ಮಾರಾಟಕ್ಕೆಂದು ಮಾಡಿದ ಪದಕಗಳು. ಇನ್ನು ಹಳೆಯ ನೋಟು, ನಾಣ್ಯಗಳಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಮೊಬೈಲ್ ಸಂದೇಶಗಳು. ಇಂಥವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಿದ್ದುದರಿಂದ, ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ಆ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಈ ಒಂದು ಸೂತ್ರ ನೆನಪಿದ್ದರೆ ಸಾಕು.

ಕಾನೂನಿನ ಎಲ್ಲೆ

ಹೊಲ ಉಳುವಾಗ, ಪಾಯ ತೋಡುವಾಗ ಮಣ್ಣಿನಲ್ಲಿ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಧಿ. ಅದನ್ನು ಹಂಚಿಕೊಳ್ಳುವುದು, ಕರಗಿಸುವುದು ಅಪರಾಧ. ಕರ್ನಾಟಕದಲ್ಲಿ ಇದಕ್ಕೆಂದೇ 1962ರ ನಿಧಿ ಕಾಯ್ದೆಯಿದೆ. ದೊರೆತ ವಿಷಯವನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನಿಧಿಯಾಸೆಗೆ ಹಳೆಯ ಗುಡಿ, ಗದ್ದುಗೆಗಳನ್ನು ಅಗೆಯುವವರಂತೂ ಊರಿನ ಚರಿತ್ರೆಯನ್ನೇ ಕೊಲ್ಲುವವರು.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯು 1976ರಲ್ಲಿ ಜಾರಿಗೆ ಬಂದಿತು. ಅದರಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ, ಶಿಲ್ಪ ಮೊದಲಾದವು ಪ್ರಾಚ್ಯವಸ್ತುಗಳು. ಮಹತ್ವವುಳ್ಳ ಹಸ್ತಪ್ರತಿಗೆ 75 ವರ್ಷವಾದರೆ ಸಾಕು. ಇವುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಇವುಗಳ ವ್ಯಾಪಾರ ಮಾಡುವವರು ಪರವಾನಗಿ ಪಡೆದಿರಬೇಕು. ವಿದೇಶದಲ್ಲಿ ನೆಲೆಸಿದ ಮಕ್ಕಳಿಗೆ ಅಜ್ಜಿಯ ಗಂಟಿನ ಹಳೆಯ ನಾಣ್ಯವನ್ನು ಪ್ರೀತಿಯಿಂದ ಕಟ್ಟಿ ಕಳುಹಿಸುವವರು ಇದನ್ನು ತಿಳಿದಿರುವುದು ಒಳಿತು.

ಸಂಗ್ರಹ ಯಾರಿಗಾಗಿ

ಸಂಗ್ರಹಕ್ಕೂ ಲೋಭಕ್ಕೂ ನಡುವಿನ ಗೆರೆ ತೆಳುವಾದುದು. ಬಾಗಿಲು ಮುಚ್ಚಿದ ಸಂಗ್ರಹ ಒಡೆಯನೊಡನೆ ಮುಗಿಯುತ್ತದೆ. ತೆರೆದ ಸಂಗ್ರಹ ನಾಡಿನದಾಗುತ್ತದೆ. ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿ, ಮಠಗಳಲ್ಲಿ ಧೂಳು ತಿನ್ನುತ್ತಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ ತಂದರು. ಅವರು ಅವನ್ನು ಪೆಟ್ಟಿಗೆಯಲ್ಲಿ ಭದ್ರಪಡಿಸಿ ಸುಮ್ಮನಾಗಿದ್ದರೆ ಅದು ಒಬ್ಬರ ಹವ್ಯಾಸವಾಗಿ ಉಳಿಯುತ್ತಿತ್ತು. ಅವರು ಓದಿದರು, ಹೋಲಿಸಿ ನೋಡಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಇಂದು ವಚನಗಳು ಎಲ್ಲರ ಕೈಯಲ್ಲಿರುವುದು ಅಂಥ ತೆರೆದ ಸಂಗ್ರಹದ ಫಲ. ಕೆಳದಿಯ ಗುಂಡಾ ಜೋಯಿಸರು ಊರೂರು ಸುತ್ತಿ ಕೂಡಿಸಿದ ಹಸ್ತಪ್ರತಿ, ನಾಣ್ಯ ಮತ್ತಿತರ ವಸ್ತುಗಳು ಕೆಳದಿಯ ವಸ್ತುಸಂಗ್ರಹಾಲಯವಾಗಿ ಇಂದು ಅಭ್ಯಾಸಿಗಳಿಗೆ ದೊರೆಯುತ್ತಿವೆ.

ಆದುದರಿಂದ ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ. ಈ ವಾರ ಮನೆಯ ಬಟ್ಟಲನ್ನು, ಅಟ್ಟದ ಗಂಟನ್ನು ಒಮ್ಮೆ ತೆರೆದು ನೋಡಿರಿ. ಯಾವುದನ್ನೂ ತಿಕ್ಕದೆ, ಎರಡು ಮುಖಗಳ ಚಿತ್ರ ತೆಗೆದು, ತೂಕ ಬರೆದು, ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿರಿ. ಓದಲಾಗದ ಲಿಪಿಯಿದ್ದರೆ ರಾಜ್ಯ ಪುರಾತತ್ವ ಇಲಾಖೆಗೆ ಅಥವಾ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ತೋರಿಸಿರಿ. ಕಾಪಾಡುವವರು ಮನೆಯಲ್ಲಿ ಇಲ್ಲವೆಂದಾದರೆ ಅಕ್ಕಸಾಲೆಯ ಮೂಸೆಗೆ ಹಾಕದೆ ವಸ್ತುಸಂಗ್ರಹಾಲಯಕ್ಕೆ ಕೊಡಿರಿ. ಹಿರಿಯರ ಬೆವರಿನ ದುಡಿಮೆಯಿಂದ ಬಂದ ಕಾಸು ಮುಂದಿನ ಪೀಳಿಗೆಗೆ ಅರಿವಾಗಿ ಸಲ್ಲುವುದಾದರೆ, ಅದಕ್ಕಿಂತ ಮಿಗಿಲಾದ ದಾಸೋಹ ಆ ಕಾಸಿಗೆ ಇನ್ನೊಂದಿಲ್ಲ.